ಚಿತ್ರದಲ್ಲಿ ಇಲ್ಲದ ಮಾತು

ಏಳು ಮಲೆಗಳ ನಡುವೆ ನೆಲಸಿ, ಹುಲಿಯ ಬೆನ್ನನ್ನೇ ಪೀಠವಾಗಿಸಿಕೊಂಡ ಮಾದೇಶ್ವರನಿಗೆ ಮೊದಲ ನಮಸ್ಕಾರ. ಕಾಮನನ್ನು ಕಣ್ಣಿನಿಂದಲೇ ಸುಟ್ಟು, ಅನಂತರ ತನ್ನ ಅರ್ಧ ಮೈಯನ್ನೇ ಹೆಣ್ಣಿಗೆ ಒಪ್ಪಿಸಿದ ಆ ಪರಶಿವನು ಪ್ರೀತಿಯ ಕಥೆಗಳನ್ನು ಚೆನ್ನಾಗಿ ಬಲ್ಲನು. ಅವನು ಕುಡಿದ ವಿಷ ಕೊರಳಿನಲ್ಲೇ ನಿಂತಿತು. ಮಾತ್ಸರ್ಯವೆಂಬ ವಿಷವನ್ನು ಕುಡಿದ ಒಬ್ಬ ಬಡ ಪಂಡಿತನಲ್ಲಿ ಅದು ಕೊರಳಿನಿಂದ ಕೈಗಿಳಿದು, ಕೈಯಿಂದ ಲೇಖನಿಗಿಳಿದು, ಅಚ್ಚಾಗಿ ಊರೆಲ್ಲ ಹರಡಿತು. ಆ ಕಥೆಯನ್ನು ಹೇಳಹೊರಟ ನನ್ನ ನಾಲಗೆಯನ್ನು ಸ್ವಾಮಿಯು ಕಾಯಲಿ.

ಸಾವಿರದ ಒಂಬೈನೂರ ಅರವತ್ತೇಳನೆಯ ಇಸವಿಯ ಮಾಘಮಾಸ. ಕೊಳ್ಳೇಗಾಲದ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದ ಶಿವರುದ್ರಸ್ವಾಮಿಗೆ ಆಗ ಮೂವತ್ತೊಂದು ವರ್ಷ. ಹಳಗನ್ನಡ ಕಾವ್ಯಗಳು ಅವನಿಗೆ ಬಾಯಿಪಾಠ. ಮೈಸೂರಿನ ಒಂದು ವಾರಪತ್ರಿಕೆಗೆ ಅವನು ‘ಸಹೃದಯ’ ಎಂಬ ಹೆಸರಿನಲ್ಲಿ ಪುಸ್ತಕಗಳ ವಿಮರ್ಶೆಯನ್ನೂ, ಸಂಪಾದಕರು ಒತ್ತಾಯಿಸಿದಾಗ ಚಲನಚಿತ್ರಗಳ ವಿಮರ್ಶೆಯನ್ನೂ ಬರೆಯುತ್ತಿದ್ದನು. ಆ ಹೆಸರಿನ ಹಿಂದೆ ಯಾರಿದ್ದಾರೆಂದು ಊರಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ಅವಳು ಶಿವರತ್ನಮ್ಮ, ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಯ ಉಪಾಧ್ಯಾಯಿನಿ. ತಂದೆತಾಯಿಗಳಿಲ್ಲದ ಅವಳನ್ನು ಅಜ್ಜಿ ದೊಡ್ಡಬಸಮ್ಮ ಮಾಂಬಳ್ಳಿಯಿಂದ ಕರೆತಂದು, ಪೇಟೆಯ ಹಿಂದಿನ ಬೀದಿಯಲ್ಲಿ ಮನೆ ಹಿಡಿದು ಸಾಕಿದ್ದಳು. ಹಿಂದಿ ಪರೀಕ್ಷೆಗಳನ್ನೆಲ್ಲ ಮುಗಿಸಿದ ಶಿವರತ್ನಮ್ಮ ಈಗ ‘ಜಾಣ’ ಎಂಬ ಕನ್ನಡ ಪರೀಕ್ಷೆಗೆ ಓದುತ್ತಿದ್ದಳು. ಪಾಠ ಹೇಳಲು ಶಿವರುದ್ರಸ್ವಾಮಿ ಪ್ರತಿ ಶನಿವಾರ ಮಧ್ಯಾಹ್ನ ಬರುತ್ತಿದ್ದನು. ಜಗಲಿಯ ಈ ತುದಿಗೆ ಅವನು, ಆ ತುದಿಗೆ ಅವಳು, ನಡುವೆ ಹೂಬತ್ತಿ ಹೊಸೆಯುತ್ತ ಅಜ್ಜಿ. ಹೀಗೆ ಎರಡು ವರ್ಷ ಕಳೆದಿತ್ತು.

ಎರಡು ವರ್ಷದಲ್ಲಿ ಅವನು ಅವಳಿಗೆ ಶೃಂಗಾರರಸದ ಲಕ್ಷಣವನ್ನು ಭೇದೋಪಭೇದಗಳೊಡನೆ ವಿವರಿಸಿದ್ದನು. ಆದರೆ ಹೆರಳಿಗೆ ಅವಳು ಮುಡಿದ ಕನಕಾಂಬರ ಚೆನ್ನಾಗಿದೆಯೆಂದು ಹೇಳುವ ಧೈರ್ಯ ಅವನಿಗೆ ಒಂದು ದಿನವೂ ಬಂದಿರಲಿಲ್ಲ.

ಆ ಶನಿವಾರ ಅವಳು ಪುಸ್ತಕವನ್ನೇ ಬಿಡಿಸಲಿಲ್ಲ.

“ಪಂಡಿತರೇ, ಈ ಸಲ ಪತ್ರಿಕೆಗೆ ಏನು ಬರೆದಿರಿ?”

“ಇನ್ನೂ ಏನೂ ಇಲ್ಲ.”

“ಹಾಗಾದರೆ ಟೆಂಟಿಗೆ ಬಂದಿರೋ ಯುದ್ಧದ ಚಿತ್ರ ನೋಡಿ ಬರೀರಿ. ‘ಬರ್ಫ್ ಕೀ ಚೌಕಿ’ ಅಂತ. ಗಡೀಲಿರೋ ಸಿಪಾಯಿಗಳು, ಅವರಿಗೆ ಬೆಟ್ಟದ ಜನರ ಮಾತು ತಿಳಿಸೋ ಒಬ್ಬ ದುಭಾಷಿ. ಬಹಳ ಚೆನ್ನಾಗಿದೆ.”

“ಹಿಂದಿ ಚಿತ್ರ. ನನಗೆ ಹಿಂದಿ ತಿಳಿಯುವುದಿಲ್ಲವಲ್ಲ.”

“ಅದಕ್ಕೇ ಅಲ್ಲಿ ಮೈಕಿನಲ್ಲಿ ಕನ್ನಡ ಹೇಳೋರಿದ್ದಾರೆ. ಚಿಕ್ಕಮಾದಪ್ಪ ಅಂತ, ಪಟಾಲಮ್ಮಿನಲ್ಲಿ ಸಿಪಾಯಿಯಾಗಿದ್ದು ಬಂದವರು. ಎಂಥ ಕಂಠ ಅಂತೀರಿ!” ಅವಳ ಕಣ್ಣುಗಳು ಅರಳಿದ್ದವು. “ಅವರ ಮಾತನ್ನ ಗಮನವಿಟ್ಟು ಕೇಳಬೇಕು ನೀವು. ಕೊನೆಯ ದೃಶ್ಯದಲ್ಲಂತೂ...”

“ನೀವು ಎಷ್ಟು ಸಲ ನೋಡಿದಿರಿ?”

“ಮೂರು ಸಲ.”

“ಒಂದೇ ಚಿತ್ರವನ್ನು?”

“ಒಂದೇ ಪದ್ಯಾನ ನೀವು ನನ್ನ ಕೈಲಿ ಮೂವತ್ತು ಸಲ ಓದಿಸೋದಿಲ್ವೇ?” ಎಂದು ಅವಳು ನಕ್ಕಳು.

ಅಜ್ಜಿ ಬತ್ತಿಯಿಂದ ತಲೆಯೆತ್ತಿದಳು. “ಇವ್ಳಿಗ ಆ ಟೆಂಟೇ ಒಂದ್ ದೇವಸ್ಥಾನ ಆಗೋಯ್ತು ಕನಾ ಪಂಡಿತ್ರೇ. ಯಳಂದೂರಿಂದ ಒಳ್ಳೇ ಸಂಬಂಧ ಬಂದದ. ತಾಲ್ಲೂಕಾಪೀಸ್ನಲ್ಲಿ ಗುಮಾಸ್ತ, ಒಬ್ನೇ ಮಗ. ಇವ್ಳು ಊಂ ಅನ್ನಾಕಿಲ್ಲ, ಉಹೂಂ ಅನ್ನಾಕಿಲ್ಲ. ನೀವಾರಾ ನಾಕ್ ಮಾತ್ ಏಳಿ.”

ಶಿವರತ್ನಮ್ಮ ನಗುವುದನ್ನು ನಿಲ್ಲಿಸಿ ಅವನ ಮುಖವನ್ನು ನೋಡಿದಳು. ಆ ನೋಟ ಒಂದು ಪದ್ಯವನ್ನು ಓದುವಷ್ಟು ಹೊತ್ತು ಅಲ್ಲೇ ನಿಂತಿತ್ತು.

ಅವನು ಗಂಟಲು ಸರಿಮಾಡಿಕೊಂಡು, “ಒಳ್ಳೆಯ ಸಂಬಂಧವಾದರೆ ಯೋಚಿಸಬಹುದು” ಎಂದು ಪುಸ್ತಕದ ಹಾಳೆಯನ್ನು ಮಗುಚಿದನು.

ಅವಳೂ ಕಣ್ಣಿಳಿಸಿ ತನ್ನ ಹಾಳೆಯನ್ನು ಮಗುಚಿದಳು.

ಮನೆಗೆ ಹೋಗುವ ದಾರಿಯಲ್ಲಿ ಅವನನ್ನು ಯಳಂದೂರಿನ ಗುಮಾಸ್ತ ಅಷ್ಟಾಗಿ ಕಾಡಲಿಲ್ಲ. ಗುಮಾಸ್ತನ ವಿಷಯ ಬಂದಾಗ ಅವಳ ಕಣ್ಣು ಅರಳಿರಲಿಲ್ಲ. ಅರಳಿದ್ದು ಮೈಕು ಹಿಡಿದವನ ಕಂಠಕ್ಕೆ.

ಮರುದಿನ ಮೊದಲ ಆಟಕ್ಕೆ ಅವನು ಟೆಂಟಿಗೆ ಹೋದನು. ಊರಾಚೆಯ ಬಯಲಿನಲ್ಲಿ ಪುಟ್ಟಮಲ್ಲಪ್ಪನೆಂಬ ವರ್ತಕನು ಆ ಟೆಂಟನ್ನು ಎಬ್ಬಿಸಿದ್ದನು. ಮುಂದೆ ಮರಳು ಹಾಸಿದ ನೆಲ, ಅದರ ಹಿಂದೆ ಬೆಂಚು, ಕೊನೆಯಲ್ಲಿ ಎರಡು ಸಾಲು ಕುರ್ಚಿ. ಹೆಂಗಸರಿಗೆ ಬಲಗಡೆ ಬೇರೆ ಜಾಗ, ನಡುವೆ ಮೊಳದೆತ್ತರದ ಒಂದು ಮಣ್ಣುಗೋಡೆ.

ತೆರೆಯ ಪಕ್ಕದಲ್ಲಿ, ಎತ್ತರದ ಸ್ಟೂಲಿನ ಮೇಲೆ ಚಿಕ್ಕಮಾದಪ್ಪ ಕುಳಿತಿದ್ದನು. ಕಪ್ಪು ಮೈ, ತೀಡಿದ ಮೀಸೆ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಒಂದು ಕಾಲು ಮಡಚಲಾಗದೆ ನೀಳವಾಗಿ ಚಾಚಿಕೊಂಡಿತ್ತು. ಮುಖ್ಯವಾದ ಮಾತು ಬಂದಾಗ ಆಪರೇಟರ್ ಚಿತ್ರದ ದನಿಯನ್ನು ತಗ್ಗಿಸುವನು; ಇವನು ಮೈಕಿಗೆ ಬಾಗಿ ಕನ್ನಡದಲ್ಲಿ ಹೇಳುವನು.

ಕಂಠ ನಿಜಕ್ಕೂ ಚೆನ್ನಾಗಿತ್ತು. ಅದು ಶಿವರುದ್ರಸ್ವಾಮಿಗೆ ಮೊದಲನೆಯ ಪೆಟ್ಟು.

ಹಿಮದ ಬೆಟ್ಟದ ಮೇಲೆ ಒಂದು ಕಾವಲುಠಾಣೆ. ಅಲ್ಲಿಗೆ ಬಂದ ಕ್ಯಾಪ್ಟನ್, ಅವನು ಮೆಚ್ಚಿದ ಬೆಟ್ಟದ ಹುಡುಗಿ. ಅವಳ ಮಾತು ಇವನಿಗೆ ತಿಳಿಯದು, ಇವನ ಮಾತು ಅವಳಿಗೆ ತಿಳಿಯದು. ಪ್ರೀತಿಯ ಒಂದೊಂದು ನುಡಿಯೂ ದುಭಾಷಿಯ ಬಾಯಿಂದಲೇ ಹಾದುಹೋಗಬೇಕು. ಕೊನೆಯಲ್ಲಿ ಶತ್ರುಗಳು ಕಣಿವೆಗೆ ಇಳಿಯುತ್ತಾರೆ. ಕ್ಯಾಪ್ಟನ್ ದುಭಾಷಿಯ ಭುಜ ಹಿಡಿದು, ಹುಡುಗಿಗೆ ತಲುಪಿಸಬೇಕಾದ ಕಡೆಯ ಮಾತನ್ನು ಹೇಳಿ ಬೆಟ್ಟವನ್ನೇರುತ್ತಾನೆ.

ಆಪರೇಟರ್ ದನಿಯನ್ನು ಇಳಿಸಿದನು. ಚಿಕ್ಕಮಾದಪ್ಪ ಮೈಕಿಗೆ ಬಾಗಿ, ಅದುವರೆಗಿನ ಗಡಸನ್ನೆಲ್ಲ ಬಿಟ್ಟು ಮೆಲ್ಲನೆ ಹೇಳಿದನು:

“ನಾನು ಆಡದೆ ಉಳಿಸಿಕೊಂಡ ಮಾತುಗಳನ್ನೆಲ್ಲ ನಿನ್ನ ಬಳಿ ಬಿಟ್ಟುಹೋಗುತ್ತಿದ್ದೇನೆ. ನಾನು ಬಾರದೆ ಹೋದರೆ, ನನ್ನ ಪಾಲಿನದನ್ನೂ ನೀನೇ ಆಡಿಕೋ.”

ರೇಷ್ಮೆಮಗ್ಗದ ಮನೆಗಳಿಂದ ಬಂದಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ತೆರೆಯ ಮೇಲೆ ಹಿಮ ಸುರಿದಾಗಲೆಲ್ಲ ಟೆಂಟಿನೊಳಗೆ ಬೆಳದಿಂಗಳು ಚೆಲ್ಲಿದ ಹಾಗಾಗುತ್ತಿತ್ತು. ಆ ಬೆಳಕಿನಲ್ಲಿ ಅವನು ಮಣ್ಣುಗೋಡೆಯ ಆಚೆಗೆ ನೋಡಿದನು. ಶಿವರತ್ನಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು. ಅವಳು ತೆರೆಯನ್ನು ನೋಡುತ್ತಿರಲಿಲ್ಲ. ಸ್ಟೂಲಿನ ಮೇಲಿದ್ದವನನ್ನು ನೋಡುತ್ತಿದ್ದಳು. ಅವಳ ತುಟಿಗಳು ಅದೇ ಮಾತನ್ನು ಸದ್ದಿಲ್ಲದೆ ಆಡುತ್ತಿದ್ದವು, ಅವನ ದನಿಗಿಂತ ಒಂದಕ್ಷರ ಮುಂದಾಗಿ.

ಬಾಯಿಪಾಠವಾಗುವಷ್ಟು ಕೇಳಿದ್ದಾಳೆ ಎಂದುಕೊಂಡನು ಶಿವರುದ್ರಸ್ವಾಮಿ. ಎರಡು ವರ್ಷ ತಾನು ಹೇಳಿಕೊಟ್ಟ ಒಂದು ಪದ್ಯವೂ ಅವಳ ತುಟಿಯ ಮೇಲೆ ಹೀಗೆ ಕುಳಿತದ್ದನ್ನು ಅವನು ಕಂಡಿರಲಿಲ್ಲ.

ಆಟ ಮುಗಿದು ಜನ ಕರಗುತ್ತಿದ್ದಾಗ ಅವಳು ಸ್ಟೂಲಿನ ಬಳಿಗೆ ನಡೆದಳು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮಡಿಸಿದ ಕಾಗದವೊಂದನ್ನು ತೆಗೆದು ಚಿಕ್ಕಮಾದಪ್ಪನ ಕೈಗಿತ್ತಳು. ಅವನು ಏನೋ ಹೇಳಿದನು. ಅವಳು ಬಾಯಿಗೆ ಕೈಯಡ್ಡ ಹಿಡಿದು ನಕ್ಕಳು.

ನೋಡುತ್ತಿದ್ದವನ ಎದೆಯಲ್ಲಿ ಒಲೆ ಹೊತ್ತಿತು.

ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತರೆ ಕಣ್ಣಿಗೆ ಕಂಡದ್ದು ಆ ಮಡಿಸಿದ ಕಾಗದ. ನೂರೆಂಟು ಜಪದಲ್ಲಿ ಎಣಿಕೆ ಮೂರು ಸಲ ತಪ್ಪಿತು. ಪೂಜೆಯನ್ನು ಅರ್ಧಕ್ಕೆ ಮುಗಿಸಿದ್ದು ಅವನ ಬಾಳಿನಲ್ಲಿ ಅದೇ ಮೊದಲು. ಎದ್ದವನು ನೇರವಾಗಿ ಮೇಜಿನ ಮುಂದೆ ಕುಳಿತನು.

ಲೇಖನ ಒಂದೇ ಓಟದಲ್ಲಿ ಮುಗಿಯಿತು. ಹಿಮದ ದೃಶ್ಯಗಳನ್ನು ಎರಡು ಸಾಲಿನಲ್ಲಿ ಹೊಗಳಿ, ಉಳಿದ ಎರಡು ಅಂಕಣಗಳಲ್ಲಿ ‘ಸಹೃದಯ’ನು ಸಂಭಾಷಣೆಯನ್ನು ಸೀಳಿದನು. ಕಡೆಯ ದೃಶ್ಯದ ಮಾತನ್ನು ಪೂರ್ತಿಯಾಗಿ ಉದ್ಧರಿಸಿ, ಅದು ಔಚಿತ್ಯಹೀನವೆಂದನು. ಗುಂಡಿನ ಸುರಿಮಳೆಯಲ್ಲಿ ನಿಂತ ಯೋಧನು ಹಾಗೆ ಮಾತನಾಡನು. ‘ಇದು ಹೃದಯದಿಂದ ಬಂದ ನುಡಿಯಲ್ಲ, ಪೋಣಿಸಿದ ನುಡಿ. ಇದನ್ನು ಬರೆದವರಿಗೆ ಪ್ರೀತಿಯ ಗಂಧವೂ ಇಲ್ಲವೆಂಬುದು ಸ್ಪಷ್ಟ. ಈ ಟೊಳ್ಳು ಮಾತನ್ನು ಕೊಳ್ಳೇಗಾಲದ ಟೆಂಟಿನಲ್ಲಿ ಕನ್ನಡಿಸುವ ವ್ಯಕ್ತಿಯಾದರೋ, ಕಂಠವೇ ಅರ್ಥವೆಂದು ನಂಬಿದಂತಿದೆ.’

ಬರೆದು ಮುಗಿಸಿದಾಗ ಆ ಒಲೆಗೆ ನೀರು ಬಿದ್ದಂತಾಯಿತು. ಅಂಚೆಪೆಟ್ಟಿಗೆಗೆ ಹಾಕಿ ಬಂದಾಗ ಮತ್ತೆ ಹೊತ್ತಿತು.

ಪತ್ರಿಕೆ ಗುರುವಾರ ಬಂದಿತು. ಶನಿವಾರ ಅವನು ಪಾಠಕ್ಕೆ ಹೋದಾಗ ಶಿವರತ್ನಮ್ಮ ಜಗಲಿಯ ಮೇಲೆ ನಿಂತೇ ಇದ್ದಳು. ಅವಳ ಕೈಯಲ್ಲಿ ಅವನಿಂದ ಎರವಲು ಪಡೆದ ಪುಸ್ತಕಗಳಿದ್ದವು.

“ಓದಿದೆ” ಎಂದಳು.

“ಚಿತ್ರ ನೋಡಿ ಬರೆಯಬೇಕೆಂದು ನೀವೇ ಹೇಳಿದಿರಿ.”

“ಹೇಳಿದೆ. ಚಿಕ್ಕಮಾದಪ್ಪನವರನ್ನ ಪುಟ್ಟಮಲ್ಲಪ್ಪನವರು ನಿನ್ನೆ ಕೆಲಸದಿಂದ ಬಿಡಿಸಿದರು. ಪೇಪರಿನಲ್ಲಿ ಊರಿನ ಹೆಸರು ಹಾಕಿ ಬೈದಿದ್ದಾರೆ, ಓದಿದವರು ನಗ್ತಾರೆ ಅಂತ.”

ಅವನ ಎದೆ ಒಮ್ಮೆ ಹಗುರಾಯಿತು. ಹಾಗೆ ಹಗುರಾದುದಕ್ಕೆ ಮರುಕ್ಷಣವೇ ನಾಚಿತು. ಆದರೂ ಬಾಯಿ ಬೇರೆಯದನ್ನೇ ಆಡಿತು: “ಅವನ ಕೆಲಸ ಹೋದದ್ದಕ್ಕೆ ನಿಮಗೆ ಇಷ್ಟು ನೋವಾಯಿತೇ?”

ಅವಳು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲೇ ಇಲ್ಲವೆಂಬಂತೆ ಕೇಳಿದಳು: “ಬರೆದವರಿಗೆ ಪ್ರೀತಿಯ ಗಂಧವೂ ಇಲ್ಲ ಅಂತ ಬರೆದಿದ್ದೀರಿ. ನಿಜವಾಗಿ ಹಾಗೆ ಅನ್ನಿಸಿತೇ ನಿಮಗೆ?”

“ಅನ್ನಿಸಿದ್ದನ್ನೇ ಬರೆದಿದ್ದೇನೆ.”

“ಸರಿ.” ಅವಳು ಪುಸ್ತಕಗಳನ್ನು ಅವನ ಮುಂದಿಟ್ಟಳು. “ಜಾಣ ಪರೀಕ್ಷೆ ಈ ವರ್ಷ ಕಟ್ಟೋದಿಲ್ಲ. ಯಳಂದೂರಿನವರಿಗೆ ಅಜ್ಜಿ ಹೂಂ ಅಂದು ಕಳಿಸಿದ್ದಾರೆ. ಬರುವ ವಾರ ಕಳೆದು ಸೋಮವಾರ ವೀಳ್ಯದ ಶಾಸ್ತ್ರಕ್ಕೆ ಬರ್ತಾರೆ. ನೀವೂ ಹೇಳಿದ್ದಿರಲ್ಲ, ಯೋಚಿಸಬಹುದು ಅಂತ. ಯೋಚಿಸಿದೆ.”

ಅವನು ಪುಸ್ತಕಗಳನ್ನೆತ್ತಿಕೊಂಡು ಮೆಟ್ಟಿಲಿಳಿದನು.

ಆ ವಾರವನ್ನು ಅವನು ಹೇಗೆ ಕಳೆದನೆಂಬುದನ್ನು ವಿಸ್ತರಿಸುವುದಿಲ್ಲ. ಸೈಕಲ್ಲಿನ ಮೇಲೆ ಖಾಕಿ ಅಂಗಿ ಹೋದರೂ ಅವನ ಕಣ್ಣು ಉರಿಯುತ್ತಿತ್ತು. ಯಳಂದೂರಿನ ಬಸ್ಸು ಕಂಡರೂ ಉರಿಯುತ್ತಿತ್ತು. ಗುರುವಾರ ಹೊಸ ಸಂಚಿಕೆ ಬಂದಿತು. ಅದರಲ್ಲಿ ಮೈಸೂರಿನ ಒಬ್ಬ ವೃದ್ಧ ಹಿಂದಿ ಅಧ್ಯಾಪಕರ ಪತ್ರ ಅಚ್ಚಾಗಿತ್ತು.

‘ಆ ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಕಡೆಯ ದೃಶ್ಯದಲ್ಲಿ ಕ್ಯಾಪ್ಟನ್ ಹೇಳುವುದು “ಅವಳಿಗೆ ಹೇಳು, ಬರುತ್ತೇನೆ” ಎಂದಷ್ಟೇ. ಮುಂಬಯಿ, ಮದರಾಸುಗಳ ಪತ್ರಿಕೆಗಳು ಆ ಮಿತಮಾತನ್ನೇ ಕೊಂಡಾಡಿವೆ; ಅದು ತೀರ ಬರಡಾಯಿತೆಂದು ದೂರಿದವರೂ ಇದ್ದಾರೆ. ಆದರೆ “ಸಹೃದಯ”ರು ಖಂಡಿಸಿರುವ ಮಾತು ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಇಲ್ಲದ ಮಾತನ್ನು ಅವರು ಎಲ್ಲಿ ಕೇಳಿದರು? ಅದನ್ನು ಯಾರೇ ಬರೆದಿರಲಿ, ಚಿತ್ರಕ್ಕಿಂತ ಅದೇ ಚೆನ್ನಾಗಿದೆ.’

ಶಿವರುದ್ರಸ್ವಾಮಿ ಆ ಪತ್ರವನ್ನು ನಿಂತಲ್ಲೇ ಮೂರು ಸಲ ಓದಿದನು. ತಾನು ವಿಮರ್ಶಿಸಿದ್ದು ಚಿತ್ರವನ್ನಲ್ಲ, ಮೈಕಿನ ಕನ್ನಡವನ್ನು. ಹಿಂದಿ ತಿಳಿಯದವನು ದುಭಾಷಿಯ ಮಾತನ್ನೇ ಮೂಲವೆಂದು ತಿಳಿದಿದ್ದನು. ಶಾಸ್ತ್ರವನ್ನು ಓದಿದವನಿಗೆ ಇದಕ್ಕಿಂತ ದೊಡ್ಡ ಅಪಮಾನವಿಲ್ಲ. ಆದರೆ ಅಪಮಾನದ ಕೆಳಗೆ ಅದಕ್ಕಿಂತ ಚೂಪಾದದ್ದೊಂದು ಇರಿಯಿತು: ಹಾಗಾದರೆ ಆ ಮಾತನ್ನು ಕಟ್ಟಿದವನು ಚಿಕ್ಕಮಾದಪ್ಪನೇ. ಎಲ್ಲರೆದುರಿಗೆ, ಮೈಕಿನಲ್ಲಿ, ಅವಳಿಗೆಂದೇ ಹೇಳಿದ್ದನು!

ಶನಿವಾರ ಶಾಲೆ ಬಿಟ್ಟೊಡನೆ ಅವನು ಬಯಲಿಗೆ ಹೋದನು. ಟೆಂಟನ್ನು ಹನೂರಿಗೆ ಸಾಗಿಸಲು ಕಂಬಗಳನ್ನು ಲಾರಿಗೆ ಏರಿಸುತ್ತಿದ್ದರು. ಪುಟ್ಟಮಲ್ಲಪ್ಪ ಕೊಡೆ ಹಿಡಿದು ನಿಂತು ಕೂಗಾಡುತ್ತಿದ್ದನು.

“ಬನ್ನಿ ಪಂಡಿತ್ರೇ. ನೋಡಿ, ಆ ಪೇಪರ್ನೋನು ನನ್ ಒಟ್ಟೆ ಮ್ಯಾಲೆ ಒಡ್ದ. ಮಾದಪ್ಪ ಓದ್ಮ್ಯಾಲೆ ಎಂಗುಸ್ರು ಒಬ್ರೂ ಬರ್ನಿಲ್ಲ. ಕನ್ನಡ ಏಳೋರಿಲ್ದೆ ನಾವ್ಯಾಕ್ ಬರೋವು ಅಂತವ್ರೆ. ಯಾವನವ್ನು ಸಯ್ರುದಯ? ಸಿಕ್ಕುದ್ರೆ ಈ ಕೊಡೇಲಿ ನಾಕ್ ಬಾರುಸ್ತಿದ್ದೆ.”

ಸಹೃದಯನು ಒಂದು ಹೆಜ್ಜೆ ಹಿಂದೆ ಸರಿದನು. “ಆ ಕನ್ನಡ ಮಾತುಗಳನ್ನು ಚಿಕ್ಕಮಾದಪ್ಪ ತಾನೇ ಬರೆಯುತ್ತಿದ್ದನೆ?”

“ಅವ್ನೆಲ್ ಬರ್ದಾನು ಸಾ! ಪಟಾಲಮ್ನಲ್ಲಿ ಇಂಗ್ಲೀಸ್ ಅಕ್ಸರದಾಗೆ ಇಂದಿ ಕಲ್ತೋನು. ಕನ್ನಡ ಓದ್ಬೇಕಾದ್ರೆ ಒಂದೊಂದ್ ಅಕ್ಸರನೂ ಎತ್ತಿ ಎತ್ತಿ ಮಡಗ್ತಾನೆ.” ಪುಟ್ಟಮಲ್ಲಪ್ಪ ಸುತ್ತ ನೋಡಿ ದನಿ ತಗ್ಗಿಸಿದನು. “ನಿಮ್ತಾವ ಏಳುದ್ರೆ ತಪ್ಪಿಲ್ಲ. ಬರ್ಕೊಡ್ತಿದ್ದೋರು ನಮ್ ರತ್ನಮ್ಮ ಟೀಚರ್ರು. ಇಸ್ಕೂಲ್ನೋರ್ಗೆ ಗೊತ್ತಾದ್ರೆ ತೊಂದ್ರೆ ಅಂತ ಗುಟ್ಟಾಗ್ ಮಡಗಿದ್ದೋ. ಅವ್ರು ಒಂದೊಂದೇ ಮಾತ್ ಏಳೋರು, ಇವ್ನು ಬಾಯ್ಪಾಠ ಮಾಡೋನು.”

ಲಾರಿಯಿಂದ ಒಂದು ಕಂಬ ಜಾರಿ ದೊಪ್ಪನೆ ಬಿದ್ದಿತು. ಶಿವರುದ್ರಸ್ವಾಮಿಗೆ ಅದು ಕೇಳಿಸಲಿಲ್ಲ. ‘ಬರೆದವರಿಗೆ ಪ್ರೀತಿಯ ಗಂಧವೂ ಇಲ್ಲ.’ ಅವಳ ಕಣ್ಣೆದುರಿಗೇ ನಿಂತು, ‘ಅನ್ನಿಸಿದ್ದನ್ನೇ ಬರೆದಿದ್ದೇನೆ’ ಎಂದಿದ್ದನು.

ಭಾನುವಾರ ಬೆಳಿಗ್ಗೆ ಅವನು ಹನೂರಿನ ಬಸ್ಸು ಹತ್ತಿ, ಚಿಕ್ಕಮಾದಪ್ಪನ ಊರಾದ ಕಾಮಗೆರೆಯಲ್ಲಿ ಇಳಿದನು. ಯಳಂದೂರಿನವರು ಬರುವುದಕ್ಕೆ ಒಂದೇ ದಿನ ಉಳಿದಿತ್ತು. ನೇರವಾಗಿ ಅವಳ ಮನೆಗೆ ಹೋಗಲು ಕಾಲು ಏಳಲಿಲ್ಲ. ಅನ್ನ ಕಳೆದುಕೊಂಡವನ ಕ್ಷಮೆ ಕೇಳದೆ ಅವಳ ಮುಖ ನೋಡುವ ಹಕ್ಕು ತನಗಿಲ್ಲವೆಂದು ಅವನ ಮನಸ್ಸಿಗೆ ತೋರಿತು.

ಚಿಕ್ಕಮಾದಪ್ಪ ತನ್ನ ತೋಟದ ಬದುವಿನ ಮೇಲೆ ಕಾಲು ಚಾಚಿ ಕುಳಿತು ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟುತ್ತಿದ್ದನು. ಆಚೆಗೆ ಅವನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು.

“ಆ ವಿಮರ್ಶೆ ಬರೆದವನು ನಾನು” ಎಂದು ಶಿವರುದ್ರಸ್ವಾಮಿ ಪೀಠಿಕೆಯಿಲ್ಲದೆ ಹೇಳಿದನು.

ಚಿಕ್ಕಮಾದಪ್ಪನ ಕೈ ನಿಂತಿತು. ಹೊರೆಯನ್ನು ಬಿಗಿದು ಪಕ್ಕಕ್ಕೆ ತಳ್ಳಿದನು.

“ನಾ ಗಡೀಲಿದ್ದಾಗ ನಮ್ ತಾವ್ಲೂ ಒಬ್ಬ ದುಭಾಸಿ ಇದ್ದ ಸಾ” ಎಂದನು ಕೊನೆಗೆ. “ಸಾಯೇಬ್ರ ಮಾತ್ನ ಊರ್ನೋರ್ಗೆ ಏಳುದ್ರೆ ಊರ್ನೋರ್ ಬಯ್ಯೋರು. ಊರ್ನೋರ್ ಮಾತ್ನ ಸಾಯೇಬ್ರಿಗೆ ಏಳುದ್ರೆ ಸಾಯೇಬ್ರು ಬಯ್ಯೋರು. ಮಾತ್ ಯಾರ್ದೋ, ಬೈಗುಳ ಅವ್ನಿಗೆ. ನಂಗೂ ಅಂಗೇ ಆಯ್ತು. ಅದ್ಸರಿ, ನಿಮ್ಗೆ ನಾ ಏನ್ ಮಾಡಿದ್ದೆ?”

“ಏನೂ ಇಲ್ಲ. ಅವರು ನಿಮ್ಮ ಕೈಗೆ ಕಾಗದ ಕೊಟ್ಟು ನಕ್ಕದ್ದನ್ನು ನೋಡಿದೆ.”

ಚಿಕ್ಕಮಾದಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದನು. ಆಮೇಲೆ ಹೆಂಡತಿಯ ಕಡೆಗೆ ತಿರುಗಿ ಕೂಗಿದನು: “ಏಯ್, ಕೇಳುಸ್ತಾ? ಕೊಳ್ಳೇಗಾಲ್ದ ಪಂಡಿತ್ರಿಗೆ ನನ್ ಕಂಡು ಒಟ್ಟೆಕಿಚ್ಚಂತೆ!”

“ನಿನ್ ಕಂಡಾ?” ಎಂದಳು ಅವಳು ಸೊಪ್ಪಿನ ನಡುವಿನಿಂದ. “ಬೇಕಿದ್ರೆ ಕರ್ಕೊಂಡೋಗಾಕೇಳು.”

ಅವನು ನಕ್ಕನು, ನಗುತ್ತಲೇ ಕೋಪ ಇಳಿಯಿತು. “ನೋಡಿ ಸಾ. ಎಲ್ಲಾ ಮಾತ್ನೂ ಗಟ್ಟಿಯಾಗ್ ಏಳು ಅನ್ನೋರು ಟೀಚರಮ್ಮ. ಅದೊಂದ್ನ ಮಾತ್ರ ಮೆಲ್ಲುಗ್ ಏಳು ಅಂದ್ರು. ಯಾಕವ್ವಾ, ಇಂದೀಲಿ ಇಷ್ಟುದ್ದ ಇಲ್ವಲ್ಲ ಅಂದೆ. ಇರ್ಲಿ, ಕೇಳ್ಬೇಕಾದೋರು ಒಬ್ರು ಬತ್ತಾರೆ ಅಂದ್ರು. ನೀವು ಕುರ್ಚೀಲ್ ಕುಂತ್ ದಿನ ನನ್ ಎದೆ ಒಡ್ಕಳಂಗೆ ಸನ್ನೆ ಮಾಡುದ್ರು. ಅಷ್ಟ್ ಓದ್ಕಂಡಿದ್ದೀರಿ, ಇಷ್ಟ್ ತಿಳೀನಿಲ್ವಾ?”

ತಿಳಿಯಲಿಲ್ಲ. ಕಾವ್ಯದ ಧ್ವನಿಯನ್ನು ಹೇಳಿಕೊಟ್ಟವನಿಗೆ ತನಗಾಗಿ ಆಡಿದ ನುಡಿ ತಿಳಿಯಲಿಲ್ಲ.

“ನನ್ನೊಡನೆ ಬನ್ನಿ” ಎಂದು ಅವನು ಚಿಕ್ಕಮಾದಪ್ಪನ ಕೈ ಹಿಡಿದನು. “ನಿಮ್ಮ ತಪ್ಪಿಲ್ಲವೆಂದು ಪುಟ್ಟಮಲ್ಲಪ್ಪನವರಿಗೆ ನಾನೇ ಹೇಳುತ್ತೇನೆ, ಕೊಡೆಯ ಏಟು ಬಿದ್ದರೂ ಸರಿ. ಅದಕ್ಕೆ ಮೊದಲು ಅವರ ಮನೆಗೆ ಬನ್ನಿ. ಒಬ್ಬನೇ ಹೋಗಲು ನನಗೆ ಧೈರ್ಯವಿಲ್ಲ.”

ಮಧ್ಯಾಹ್ನ ಅವರು ಹೋದಾಗ ದೊಡ್ಡಬಸಮ್ಮ ಜಗಲಿಯ ಮೇಲೆ ಮರುದಿನದ ಶಾಸ್ತ್ರಕ್ಕೆ ವೀಳ್ಯದೆಲೆಗಳನ್ನು ಒರೆಸಿ ಕಟ್ಟು ಕಟ್ಟುತ್ತಿದ್ದಳು. ಶಿವರತ್ನಮ್ಮ ಬಾಗಿಲಿಗೆ ಬಂದು, ಇಬ್ಬರನ್ನೂ ಒಟ್ಟಿಗೆ ಕಂಡು ಹೊಸ್ತಿಲಿನಲ್ಲೇ ನಿಂತಳು.

ಚಿಕ್ಕಮಾದಪ್ಪ ಜಗಲಿಯ ಅಂಚಿನಲ್ಲಿ ಕಾಲು ಚಾಚಿ ಕುಳಿತನು. ಶಿವರುದ್ರಸ್ವಾಮಿ ಅಜ್ಜಿಯೆದುರು ಕೈಮುಗಿದನು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದನು.

“ಪೂಜ್ಯರಾದ ತಾವು ಮನ್ನಿಸಬೇಕು. ಮಾತ್ಸರ್ಯದಿಂದ ಕಲುಷಿತವಾದ ಅಂತಃಕರಣವುಳ್ಳವನಾಗಿ ನಾನು ಅನುಚಿತವಾದ ಖಂಡನೆಯನ್ನು ರಚಿಸಿದೆನು. ತಮ್ಮ ಪೌತ್ರಿಯ ವಿಷಯದಲ್ಲಿ ಚಿರಕಾಲದಿಂದ ನನ್ನಲ್ಲಿ ಅಂಕುರಿಸಿರುವ...”

“ಏನ್ಲಾ ಮಾದಪ್ಪಾ ಅದು?” ಎಂದಳು ಅಜ್ಜಿ. “ಶಾಸ್ತ್ರ ನಾಳೀಕಲ್ವಾ? ಇವತ್ತೇ ಯಾಕ್ ಮಂತ್ರ ಏಳ್ತಾವ್ರೆ?”

ಚಿಕ್ಕಮಾದಪ್ಪ ಅಭ್ಯಾಸಬಲದಿಂದ ಮುಷ್ಟಿಯನ್ನು ಮೈಕಿನಂತೆ ಬಾಯಿಗೆ ಹಿಡಿದನು. “ಅಜ್ಜೀ, ಪಂಡಿತ್ರು ಏನಂತಾವ್ರೆ ಅಂದ್ರೆ: ನಂಗೆ ಒಟ್ಟೆಕಿಚ್ಚು ಬಂದ್ಬುಡ್ತು. ಆ ಉರೀಲಿ ಪೇಪರ್ಗೆ ಕೆಟ್ಟದಾಗ್ ಬರ್ದ್ಬುಟ್ಟೆ. ತಪ್ಪಾಯ್ತು.”

“ಒಟ್ಟೆಕಿಚ್ಚಾ! ಯಾರ್ ಮ್ಯಾಲೆ?”

“ನನ್ ಮ್ಯಾಲೆ.”

ಅಜ್ಜಿ ಅವನ ಚಾಚಿದ ಕಾಲನ್ನೂ ಮೀಸೆಯನ್ನೂ ನೋಡಿದಳು. “ನಿನ್ ಮ್ಯಾಲಾ? ಶಿವ್ನೇ!” ಎಂದು ಕೆಮ್ಮು ಬರುವವರೆಗೆ ನಕ್ಕಳು.

“ಇನ್ನೊಂದ್ ಮಾತದೆ ಅಜ್ಜೀ. ಪಂಡಿತ್ರು ನಿಮ್ ಮೊಮ್ಮಗ್ಳ...”

“ಬೇಡ” ಎಂದು ಶಿವರುದ್ರಸ್ವಾಮಿ ಅವನ ಮುಷ್ಟಿಯನ್ನು ಹಿಡಿದು ಇಳಿಸಿದನು. “ಅದನ್ನು ನಾನೇ ಹೇಳುತ್ತೇನೆ.”

ಅವನಿಗೆ ತಿಳಿದಿದ್ದ ಶಬ್ದಗಳೆಲ್ಲ ಒಂದೊಂದಾಗಿ ಬಿಟ್ಟುಹೋದವು. ಉಳಿದದ್ದು ಬಹಳ ಸ್ವಲ್ಪ.

“ಅಜ್ಜಿ, ರತ್ನನ್ನ ನನಗೆ ಕೊಡಿ. ಅವಳಿಲ್ಲದೆ ನನಗಾಗೋದಿಲ್ಲ. ಎರಡು ವರ್ಷದಿಂದ ಹೇಳಬೇಕು ಅಂತಿದ್ದೆ. ಹೇಳೋಕೆ ಹೆದರಿಕೆಯಾಗಿತ್ತು.”

ವೀಳ್ಯದೆಲೆ ಒರೆಸುತ್ತಿದ್ದ ಅಜ್ಜಿಯ ಕೈ ನಿಂತಿತು. ಈ ಸಲ ಯಾರೂ ಅವಳಿಗೆ ಅರ್ಥ ಹೇಳಬೇಕಾಗಲಿಲ್ಲ.

ಹೊಸ್ತಿಲಿನಿಂದ ದನಿ ಬಂದಿತು. “ಪ್ರೀತಿ ಗೊತ್ತಿಲ್ಲದವಳು ಅಂತ ಅಚ್ಚಾಗಿದೆಯಲ್ಲ ಪಂಡಿತರೇ. ಮೈಸೂರಿನ ತನಕ ಓದಿದ್ದಾರೆ. ಅದಕ್ಕೇನು ಮಾಡ್ತೀರಿ?”

ಅವನು ಅಂಗಿಯ ಜೇಬಿನಿಂದ ಕಾಗದವೊಂದನ್ನು ತೆಗೆದು, ಅವಳ ಬಳಿಗೆ ನಡೆದು ಕೊಟ್ಟನು. ಸಂಪಾದಕರಿಗೆ ಬರೆದದ್ದು ಅದು. ಅವಳು ಓದಿದಳು.

‘ನಾನು ಖಂಡಿಸಿದ ಮಾತು ಚಿತ್ರದ್ದಲ್ಲ, ನಮ್ಮೂರಿನ ಟೆಂಟಿನದು. ಅದನ್ನು ಹೇಳಿದವರು ಚೆನ್ನಾಗಿ ಹೇಳಿದರು. ಅದನ್ನು ಬರೆದವರು ಪ್ರೀತಿಯನ್ನು ಬಲ್ಲವರು. ಕೇಳಿದವನು ಮಾತ್ರ ಮೂರ್ಖ, ಅಸೂಯೆಯಿಂದ ಕಿವುಡಾಗಿದ್ದನು. ಇನ್ನು ಮುಂದೆ ನಾನು “ಸಹೃದಯ” ಎಂಬ ಹೆಸರಿನಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನಾನು ಯೋಗ್ಯನಲ್ಲ. ಇತಿ, ಕೊಳ್ಳೇಗಾಲದ ಕನ್ನಡ ಪಂಡಿತ ಶಿವರುದ್ರಸ್ವಾಮಿ.’

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ಹಳೆಯ ತುಂಟತನ ಮಿನುಗಿತು.

“ಆ ಮಾತು ನನ್ನದೂ ಅಲ್ಲ” ಎಂದಳು ಮೆಲ್ಲಗೆ, ಅವನಿಗೆ ಮಾತ್ರ ಕೇಳಿಸುವಂತೆ. “ಶನಿವಾರ ಶನಿವಾರ ಒಬ್ಬರು ನನ್ನೆದುರು ಕೂತು, ಏನೋ ಹೇಳೋಕೆ ಬಾಯಿ ತೆರೆದು, ಹಾಗೇ ಎದ್ದು ಹೋಗ್ತಿದ್ದರಲ್ಲ, ಅವರದು. ನಾನು ಬರೀ ಕನ್ನಡಕ್ಕೆ ತಂದೆ.”

ಅವನು ಅವಳ ಹೆರಳಿನ ಹೂವನ್ನು ನೋಡಿದನು. “ಕನಕಾಂಬರ ಚೆನ್ನಾಗಿದೆ” ಎಂದನು. ಅದಕ್ಕಿಂತ ದೊಡ್ಡ ಮಾತು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ. ಅವಳ ಮುಖಕ್ಕೆ ಬಂದ ಕೆಂಪನ್ನು ನೋಡಿದರೆ ಬೇರೆಯದು ಬೇಕಾಗಿಯೂ ಇರಲಿಲ್ಲ.

“ಅದೆಲ್ಲಾ ಸರಿ ಕನಮ್ಮೀ” ಎಂದು ಅಜ್ಜಿ ಎಲೆಯ ಕಟ್ಟನ್ನೆತ್ತಿ ತೋರಿಸಿದಳು. “ನಾಳ ಬೆಳಿಗ್ಗ ಯಳಂದೂರ್ನೋರು ಬಂದ್ ನಿಂತ್ಕತಾರ. ಅವ್ರ್ಗ ಏನಂತ ಏಳ್ಲಿ?”

“ಬರೋದು ಬೇಡ ಅಂತ ಇವತ್ತೇ ಹೇಳಿಕಳಿಸೋಣ ಅಜ್ಜಿ.”

“ಯಾಕ ಅಂತ ಕೇಳುದ್ರ?”

ಶಿವರತ್ನಮ್ಮ ಪಂಡಿತನ ಕಡೆಗೆ ಓರೆನೋಟ ಬೀರಿದಳು. “ಯಾಕೆ ಅಂತ ಇವರೇ ಸಾಯಂಕಾಲದ ಬಸ್ಸಿಗೆ ಹೋಗಿ ಹೇಳಿ ಬರ್ತಾರೆ. ಕೈಮುಗಿದು, ಎಲ್ಲರಿಗೂ ತಿಳಿಯೋ ಕನ್ನಡದಲ್ಲಿ.”

ಶಿವರುದ್ರಸ್ವಾಮಿಯ ಮುಖ ಬಿಳುಪೇರಿತು. ಹೆಣ್ಣು ಕೇಳಿ ಒಪ್ಪಿಗೆ ಪಡೆದವರ ಮನೆಗೆ ಹೋಗಿ, ಅದನ್ನು ತಪ್ಪಿಸಿದವನು ನಾನೇ ಎನ್ನಬೇಕು. ಆದರೂ ಅವನು ಶಲ್ಯವನ್ನು ಹೆಗಲಿಗೆ ಸರಿಮಾಡಿಕೊಂಡನು. “ಹೋಗುತ್ತೇನೆ” ಎಂದನು.

ಚಿಕ್ಕಮಾದಪ್ಪ ಗೋಡೆ ಹಿಡಿದು ಎದ್ದನು. “ನಾನೂ ಬತ್ತೀನಿ ನಡೀರಿ ಸಾ. ಅಲ್ಲೇನಾರಾ ನೀವು ‘ಅಂತಃಕರಣ’ ಅಂತ ಸುರು ಮಾಡ್ಕಂಡ್ರೆ, ಒಡ್ಸ್ಕಳೋದು ಇಬ್ರೂ ಒಡ್ಸ್ಕಳಾನ.”

ಇಬ್ಬರೂ ಮೆಟ್ಟಿಲಿಳಿದರು. ಬೀದಿಯ ತಿರುವಿನವರೆಗೂ ಅವನು ಹಿಂತಿರುಗಿ ಹಿಂತಿರುಗಿ ನೋಡಿದನು. ಅಷ್ಟು ಸಲವೂ ಅವಳು ಬಾಗಿಲಲ್ಲೇ ಇದ್ದಳು.

ಯಳಂದೂರಿನವರು ಬೈದರು, ಆಮೇಲೆ ಮಜ್ಜಿಗೆ ಕೊಟ್ಟು ಕಳುಹಿಸಿದರು. ಹನೂರಿನ ಟೆಂಟಿನಲ್ಲಿ ಚಿಕ್ಕಮಾದಪ್ಪನ ದನಿ ಮತ್ತೆ ಕೇಳಿತು. ಚೈತ್ರದಲ್ಲಿ ಮದುವೆಯಾಯಿತು.

ಈ ಕಥೆಯನ್ನು ಓದಿದವರಿಗೂ, ಓದಿ ಹೇಳಿದವರಿಗೂ, ಕೇಳಿದವರಿಗೂ ಮಾದೇಶ್ವರನು ಮಂಗಳವನ್ನು ಕರುಣಿಸಲಿ. ಆಡಲಾಗದೆ ಬೇಯುವ ಎದೆಗಳಿಗೆ ಮಾತು ದೊರೆಯಲಿ. ಮತ್ತೊಬ್ಬರ ನಗುವನ್ನು ಕಂಡು ಉರಿಯುವ ಕಣ್ಣುಗಳು ತಂಪಾಗಲಿ. ಇಬ್ಬರ ನಡುವೆ ನಿಂತು ಇಬ್ಬರ ಮಾತನ್ನೂ ಹೊರುವವರ ಮನೆಯಲ್ಲಿ ಅನ್ನವು ತುಂಬಿರಲಿ. ಎಲ್ಲರಿಗೂ ಶುಭವಾಗಲಿ.